ಏಳು ಪಿನ್ನಿನ ಸಾಕೆಟ್ಟು ಮತ್ತು ರಾಬರ್ಟ್ ಬಾಷ್

ಕೊಕ್ಕಡದ ಮಳೆಯ ಬಗ್ಗೆ ಹಾಸ್ಟೆಲಿನಲ್ಲಿ ಹೇಳಿದರೆ ಬಯಲುಸೀಮೆಯ ಗೆಳೆಯರು ಅರ್ಧವನ್ನೂ ನಂಬುವುದಿಲ್ಲ. ಇರಲಿ. ಕಳೆದ ಜುಲೈಯಲ್ಲಿ ರಜೆಗೆ ಮನೆಗೆ ಹೋಗಿದ್ದೆ. ಅಡಿಕೆಗೆ ಮದ್ದು ಬಿಡುವ ಸಮಯ. ಮಾವನ ಜೀಪಿನ ಹಿಂದೆ ಸಣ್ಣ ಟ್ರೈಲರ್ ಕಟ್ಟಿಕೊಂಡು ಡ್ರಮ್ಮು, ಪೈಪು, ಸುಣ್ಣದ ಚೀಲ ಎಲ್ಲ ಹೇರಿಕೊಂಡು ನಿಡ್ಲೆ ಕಡೆಯಿಂದ ರಾತ್ರಿ ವಾಪಸ್ ಬರುತ್ತಿದ್ದೆವು. ತಿರುವಿನಲ್ಲಿ ಮಾವ ಬ್ರೇಕ್ ಹಾಕಿದರು. ಹಿಂದಿನಿಂದ ಬರುತ್ತಿದ್ದ ಬೈಕಿನವನಿಗೆ ಅಲ್ಲಿ ಟ್ರೈಲರ್ ಉಂಟು ಅಂತಲೇ ಗೊತ್ತಾಗಲಿಲ್ಲ. ಕೊನೆ ಗಳಿಗೆಯಲ್ಲಿ ಗಾಡಿ ಎಳೆದು ಚರಂಡಿಗೆ ಬಿದ್ದ. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಇಳಿದು ನೋಡಿದರೆ ಟ್ರೈಲರಿನ ದೀಪಗಳಲ್ಲಿ ಬೀಡಿಯ ಕೆಂಡದಷ್ಟು ಬೆಳಕು. ಸಂಜೆ ಹೊರಡುವಾಗ ನಾನೇ ನೋಡಿದ್ದೆ, ಚೆನ್ನಾಗಿ ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಜೀಪಿನ ಹಿಂದಿನ ಸಾಕೆಟ್ ಬಿಚ್ಚಿದೆ. ಒಳಗೆಲ್ಲ ಹಸಿರು ಕಿಲುಬು. ಏಳು ಪಿನ್ನು, ಒಂದೊಂದರ ಪಕ್ಕದಲ್ಲೂ ಒಂದೊಂದು ಗುರುತು: L, 54G, 31, R, 58R, 54, 58L. ಎಡ ಇಂಡಿಕೇಟರಿಗೆ L, ಬಲಕ್ಕೆ R ಅಂತ ಯಾರಿಗೂ ಗೊತ್ತಾಗುತ್ತದೆ. ಆದರೆ ಅರ್ಥಿಂಗಿಗೆ 31 ಯಾಕೆ, ಬ್ರೇಕ್ ದೀಪಕ್ಕೆ 54 ಯಾಕೆ, ಟೈಲ್ ಲ್ಯಾಂಪಿಗೆ 58 ಯಾಕೆ? ಇದು ಜರ್ಮನಿಯ ವಾಹನ ವೈರಿಂಗಿನ ಲೆಕ್ಕ, ಡಿನ್ 72552 ಅನ್ನುವ ಸ್ಟ್ಯಾಂಡರ್ಡು. ನಮ್ಮ ಲ್ಯಾಬಿನ ರಿಲೇ ಮೇಲೆ 30, 85, 86, 87 ಅಂತ ಇರುತ್ತದಲ್ಲ, ಅದೂ ಇದೇ ಸಂಸಾರದ್ದು. ಹಳೇ ಗಾಡಿ ರಿಪೇರಿ ಮಾಡುವವರಲ್ಲಿ ಹಲವರು ಇದನ್ನು ಬಾಷ್ ನಂಬರು ಎಂದೇ ಕರೆಯುತ್ತಾರೆ.

ಬಾಷ್ ಅಂದರೆ ನಮಗೆಲ್ಲ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಬರುವ ಒಂದು ಹೆಸರು, ಇಲ್ಲವೇ ಗೋಡೆ ಕೊರೆಯುವ ಡ್ರಿಲ್ಲು. ಅದು ಒಬ್ಬ ಮನುಷ್ಯನ ಹೆಸರು ಅನ್ನುವುದೇ ನನಗೆ ಮರೆತು ಹೋಗಿತ್ತು. ಆ ಮನುಷ್ಯನ ಕತೆ ಓದುತ್ತಾ ಹೋದಾಗ, ನಮ್ಮ ಕಿಲುಬು ಹಿಡಿದ ಸಾಕೆಟ್ಟಿನ ಸಮಸ್ಯೆಯನ್ನೇ ಅವರು ಜೀವಮಾನವಿಡೀ ಬೇರೆ ಬೇರೆ ರೂಪದಲ್ಲಿ ಬಿಡಿಸುತ್ತಿದ್ದರು ಅಂತ ಅನ್ನಿಸಿತು. ಅಲುಗಾಡುವ, ಬಿಸಿಯಾಗುವ, ಕೆಸರು ಹಾರುವ ಒಂದು ಯಂತ್ರದಲ್ಲಿ ಕರೆಂಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರತಿ ಸಲವೂ ತಪ್ಪದೆ ಮುಟ್ಟಿಸುವುದು ಹೇಗೆ?

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆ ಸರ್ವೇಷಿಯಸ್ ಕೃಷಿಕರು, ಜತೆಗೆ ದಾರಿಹೋಕರಿಗೆ ಊಟ ವಸತಿ ಕೊಡುವ ಮನೆಯನ್ನೂ ನಡೆಸುತ್ತಿದ್ದರು. ಗಾಡಿಯವರು ಕುದುರೆ ಬದಲಿಸಿಕೊಳ್ಳಲು ನಿಲ್ಲುತ್ತಿದ್ದ ಜಾಗ ಅದು. ಬಡತನ ಇರಲಿಲ್ಲ. ಹುಡುಗನಿಗೆ ಶಾಲೆಯಲ್ಲಿ ಆಸಕ್ತಿಯೂ ಅಷ್ಟಕ್ಕಷ್ಟೆ. ಉಲ್ಮಿನಲ್ಲಿ ಓದು ಮುಗಿಸಿ 1876ರಲ್ಲಿ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಅದೇ ಊರಿನ ಒಬ್ಬ ಮೇಸ್ತ್ರಿಯ ಹತ್ತಿರ ಸೇರಿದರು. ಆ ಮೂರು ವರ್ಷಗಳ ಬಗ್ಗೆ ಅವರಿಗೆ ಕೊನೆಯವರೆಗೂ ಅಸಮಾಧಾನವಿತ್ತು. ಸರಿಯಾಗಿ ಯಾರೂ ಹೇಳಿಕೊಡಲಿಲ್ಲ ಅಂತ. ಮುಂದೆ ತಮ್ಮ ಕಾರ್ಖಾನೆಯಲ್ಲಿ 1913ರಲ್ಲಿ ಕಲಿಕೆಯ ಹುಡುಗರಿಗಾಗಿಯೇ ಒಂದು ವಿಭಾಗ ತೆರೆದದ್ದರ ಹಿಂದೆ ಈ ಹಳೇ ಸಿಟ್ಟೂ ಇತ್ತು ಅಂತ ಕಾಣುತ್ತದೆ.

ಆಮೇಲೆ ಊರೂರು ತಿರುಗಾಟ. ಒಂದು ವರ್ಷ ಸೈನ್ಯದಲ್ಲಿ. 1883-84ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯದಲ್ಲಿ ಒಂದೇ ಒಂದು ಸೆಮಿಸ್ಟರ್, ಅದೂ ಅತಿಥಿ ವಿದ್ಯಾರ್ಥಿಯಾಗಿ. ಡಿಗ್ರಿ ಇಲ್ಲ. ಎಂಟು ಸೆಮಿಸ್ಟರ್ ಕೂತು ಬ್ಯಾಕ್ ಲೆಕ್ಕ ಹಾಕುವ ನಮಗೆ ಇದು ಕೇಳಲಿಕ್ಕೆ ಚೆಂದ. ಆದರೆ ಅವರು ಓದನ್ನು ಹಗುರವಾಗಿ ಕಂಡವರಲ್ಲ. ಆ ಒಂದು ಸೆಮಿಸ್ಟರಿನಿಂದ ತಾಂತ್ರಿಕ ಶಬ್ದಗಳ ಮೇಲಿದ್ದ ಹೆದರಿಕೆ ಹೋಯಿತು ಎಂಬುದನ್ನು ಮುಂದೆ ನೆನಪಿಸಿಕೊಂಡಿದ್ದಾರೆ. 1884ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಉದ್ಯಮಗಳಲ್ಲಿ ಕೆಲಸ ಮಾಡಿದರು. ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಬ್ರದರ್ಸ್‌ನಲ್ಲಿ ಸ್ವಲ್ಪ ಕಾಲ.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟಿನ ಒಂದು ಹಿತ್ತಿಲಿನ ಕಟ್ಟಡದಲ್ಲಿ ಸ್ವಂತ ವರ್ಕ್‌ಶಾಪ್ ಶುರು ಮಾಡಿದರು. ಬಂಡವಾಳ 10,000 ಮಾರ್ಕು, ಬಹುಪಾಲು ತಂದೆಯ ಆಸ್ತಿಯಿಂದ ಬಂದದ್ದು. ಒಬ್ಬ ಮೆಕ್ಯಾನಿಕ್, ಒಬ್ಬ ಓಡಾಟದ ಹುಡುಗ, ಅಷ್ಟೇ ಜನ. ಟೆಲಿಫೋನ್ ಜೋಡಿಸುವುದು, ಕರೆಗಂಟೆ ಹಾಕುವುದು, ಸಿಕ್ಕಿದ ರಿಪೇರಿ ಎಲ್ಲ ಮಾಡುವುದು. ಮೊದಲ ಹತ್ತು ವರ್ಷ ಹೆಚ್ಚುಕಡಿಮೆ ಸಾಲದಲ್ಲೇ ಕಳೆಯಿತು. 1890ರ ದಶಕದ ಆರಂಭದಲ್ಲಿ ಕೆಲಸವಿಲ್ಲದೆ ಬಹುಪಾಲು ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು. 1890ರಲ್ಲೇ ಒಂದು ಸೈಕಲ್ ಕೊಂಡು ಅದರ ಮೇಲೆ ಗಿರಾಕಿಗಳ ಮನೆಗೆ ಹೋಗಿ ತಮ್ಮವರು ಮಾಡಿದ ಕೆಲಸ ಸರಿಯಾಗಿ ಉಂಟಾ ಅಂತ ನೋಡಿ ಬರುತ್ತಿದ್ದರು.

ಅವರ ಹಣೆಬರಹ ಬದಲಿಸಿದ ವಸ್ತು ಮ್ಯಾಗ್ನೆಟೊ. ಅದು ಅವರ ಸ್ವಂತ ಶೋಧ ಅಲ್ಲ. 1887ರಲ್ಲಿ ಒಬ್ಬ ಗಿರಾಕಿ ಬಂದು, ಡಾಯ್ಟ್ಸ್ ಕಂಪನಿಯ ಎಂಜಿನ್ನಿಗೆ ಇರುವಂಥದ್ದೇ ಕಿಡಿ ಹಾರಿಸುವ ಯಂತ್ರ ನನಗೂ ಬೇಕು ಅಂತ ಕೇಳಿದ. ಬಾಷ್ ಅದನ್ನು ನೋಡಿ ಬಂದರು, ಪೇಟೆಂಟ್ ಉಂಟಾ ಅಂತ ಡಾಯ್ಟ್ಸಿಗೆ ವಿಚಾರಿಸಿದರು, ಮತ್ತೆ ತಮ್ಮದೇ ತಿದ್ದುಪಡಿಯೊಂದಿಗೆ ಮಾಡಿಕೊಟ್ಟರು. ನಿಂತಲ್ಲೇ ನಿಧಾನವಾಗಿ ತಿರುಗುವ ಎಂಜಿನ್ನಿಗೆ ಅದು ಸಾಕಿತ್ತು.

ಕಾರಿಗೆ ಸಾಕಾಗಲಿಲ್ಲ. ಆಗಿನ ಕಾರುಗಳಲ್ಲಿ ಇಂಧನಕ್ಕೆ ಬೆಂಕಿ ಹಚ್ಚುವುದೇ ದೊಡ್ಡ ತಲೆನೋವು. ಡೈಮ್ಲರನ ಎಂಜಿನ್ನಿನಲ್ಲಿ ಒಂದು ಕೊಳವೆಯನ್ನು ಹೊರಗಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ ಇಡಬೇಕು. ಗಾಳಿ ಜೋರಾದರೆ ಜ್ವಾಲೆ ಆರಿತು, ಗಾಡಿ ಮಗುಚಿದರೆ ಬೆಂಕಿ ಹಿಡಿಯಿತು. ಬೆಂಜ್ ಬ್ಯಾಟರಿ ಇಟ್ಟರೆ ಸ್ವಲ್ಪ ದೂರಕ್ಕೇ ಬ್ಯಾಟರಿ ಖಾಲಿ. 1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ಉದ್ಯಮಿ ಒಂದು ಡಿ ಡಿಯೋನ್-ಬೂಟೋನ್ ತ್ರಿಚಕ್ರಿ ತಂದು ಇದಕ್ಕೆ ಮ್ಯಾಗ್ನೆಟೊ ಹಾಕಿಕೊಡಿ ಅಂದರು. ಅದರ ಎಂಜಿನ್ನು ನಿಮಿಷಕ್ಕೆ ಸಾವಿರ ಸುತ್ತನ್ನು ಸಲೀಸಾಗಿ ದಾಟುವಂಥದ್ದು. ಮ್ಯಾಗ್ನೆಟೊದ ಭಾರದ ಆರ್ಮೇಚರನ್ನು ಆ ವೇಗದಲ್ಲಿ ಹಿಂದೆ ಮುಂದೆ ಆಡಿಸಲು ಹೋದರೆ ಯಂತ್ರವೇ ಚಿಂದಿಯಾಗುತ್ತಿತ್ತು. ದಾರಿ ಕಂಡದ್ದು ಫೋರ್‌ಮನ್ ಆರ್ನಾಲ್ಡ್ ಸೇರಿಂಗರ್‌ಗೆ. ಭಾರದ ಆರ್ಮೇಚರ್ ಇದ್ದಲ್ಲೇ ಇರಲಿ, ಅದರ ಸುತ್ತ ಒಂದು ಹಗುರ ಲೋಹದ ತೋಳು ಮಾತ್ರ ಆಡಲಿ ಎಂಬ ಉಪಾಯ. ಯಾವುದು ಅಲ್ಲಾಡಲೇಬೇಕೋ ಅದನ್ನು ಹಗುರ ಮಾಡು, ಉಳಿದದ್ದನ್ನು ಅಲ್ಲಾಡಲು ಬಿಡಬೇಡ. ಇಷ್ಟೇ ವಿಷಯ. ಆದರೆ ಕಾರಿನ ಇಗ್ನಿಷನ್ ದಾರಿಗೆ ಬಂದದ್ದು ಇದರಿಂದ.

ಮುಂದಿನ ಹೆಜ್ಜೆ ಗಾಟ್‌ಲೋಬ್ ಹೊನೊಲ್ಡ್ ಅವರದ್ದು. ಹಿಂದೆ ಬಾಷ್ ಹತ್ತಿರವೇ ಕೆಲಸ ಕಲಿತು, ಓದಲು ಹೋಗಿ, ಎಂಜಿನಿಯರಾಗಿ ಮರಳಿದ್ದ ಹುಡುಗ. ಅಲ್ಲಿಯವರೆಗೆ ಸಿಲಿಂಡರಿನ ಒಳಗೆ ಎರಡು ಲೋಹದ ತುದಿಗಳು ಕೂಡಿ ಬಿಟ್ಟು ಕಿಡಿ ಹುಟ್ಟಬೇಕಿತ್ತು, ಅಂದರೆ ಸವೆಯುವ ಕೀಲುಗಳು ಬೆಂಕಿಯ ಒಳಗೇ. ಹೊನೊಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮಾಡಿ, ಜತೆಗೆ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಮಾಡಿದರು. ಸಿಲಿಂಡರಿನೊಳಗೆ ಅಲ್ಲಾಡುವ ವಸ್ತು ಏನೂ ಉಳಿಯಲಿಲ್ಲ. ಅದು 1902. ಆ ಮೇಲೆ ಸ್ಟುಟ್‌ಗಾರ್ಟಿನ ವರ್ಕ್‌ಶಾಪ್ ಜಗತ್ತಿನ ಕಂಪನಿಯಾಯಿತು. 1906ಕ್ಕೆ ಒಂದು ಲಕ್ಷದ ಮ್ಯಾಗ್ನೆಟೊ ಹೊರಬಂತು. ಅದೇ ವರ್ಷ ಕಾರ್ಖಾನೆಯಲ್ಲಿ ಎಂಟು ಗಂಟೆಯ ದಿನಗೆಲಸ ಜಾರಿಗೆ ಬಂತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಬೇರೆ ಮಾಲೀಕರು ಅವರನ್ನು ಕೆಂಪು ಬಾಷ್ ಅಂತ ಆಡಿಕೊಂಡರು. ಸಮಾಜವಾದಿ ಚಿಂತಕ ಕಾರ್ಲ್ ಕೌಟ್‌ಸ್ಕಿ ಒಂದು ಕಾಲದಲ್ಲಿ ಅವರ ನೆರೆಮನೆಯವರು, ಸ್ನೇಹಿತರು. ಆದರೂ 1913ರಲ್ಲಿ ಇದೇ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು. ಅದರ ನೋವು ಅವರಿಗೆ ತುಂಬ ಕಾಲ ಹೋಗಲಿಲ್ಲ. ಕೈತುಂಬ ಸಂಬಳ ಕೊಡುವವರು, ಆದರೆ ನೆಲದ ಮೇಲೆ ಒಂದು ಪೇಪರ್ ಕ್ಲಿಪ್ ಬಿದ್ದಿದ್ದರೆ ಬೈಯದೆ ಬಿಡುವವರಲ್ಲ.

ನಮ್ಮ ಸಾಕೆಟ್ಟಿನ ಕತೆ ಸೇರಿಕೊಳ್ಳುವುದು ಇಲ್ಲಿಯೇ. 1913ರಲ್ಲಿ ಬಾಷ್ ಕಂಪನಿ ಕಾರಿಗೆ ದೀಪದ ಇಡೀ ವ್ಯವಸ್ಥೆಯನ್ನೇ ಮಾರುಕಟ್ಟೆಗೆ ತಂದಿತು. ಹೆಡ್‌ಲೈಟು, ಡೈನಮೊ, ಬ್ಯಾಟರಿ, ರೆಗ್ಯುಲೇಟರು, ಎಲ್ಲ ಒಂದಕ್ಕೊಂದು ಹೊಂದುವಂತೆ. ಮುಂದೆ 1921ರಲ್ಲಿ ಹಾರ್ನು, 1926ರಲ್ಲಿ ವೈಪರು, 1928ರಲ್ಲಿ ತಿರುಗುವ ದಿಕ್ಕು ತೋರಿಸುವ ಇಂಡಿಕೇಟರು. ಒಂದೊಂದು ಉಪಕರಣ ಬಂದಂತೆ ಒಂದೊಂದು ವೈರು ಹೆಚ್ಚಿತು. ವೈರು ಹೆಚ್ಚಿದಂತೆ ಯಾವುದು ಎಲ್ಲಿಗೆ ಎಂಬ ಗುರುತು ಬೇಕಾಯಿತು. ಇವತ್ತಿನ ಏಳು ಪಿನ್ನು ನೋಡಿದರೆ ಆ ಚರಿತ್ರೆಯೇ ಕಾಣುತ್ತದೆ.

ಕಾರಿನಲ್ಲಿ ವೈರು ಉಳಿಸಲು ವಾಪಸ್ ದಾರಿಗೆ ಬಾಡಿಯನ್ನೇ ಬಳಸುತ್ತಾರೆ. ಒಂದೇ ಗಾಡಿಯಲ್ಲಿ ಇದು ಸರಿ. ಟ್ರೈಲರ್ ಕಟ್ಟಿದಾಗ ಎರಡು ಬಾಡಿ. ನಡುವೆ ಇರುವುದು ಗ್ರೀಸು ಮೆತ್ತಿದ ಕೊಂಡಿ ಮಾತ್ರ. ಅದಕ್ಕೇ 31ನೇ ಗುರುತಿನ ಪಿನ್ನು, ಅರ್ಥಿಂಗಿಗೆ. ಎರಡು ಬ್ರೇಕ್ ದೀಪ 21 ವಾಟಿನವು, ಎರಡು ಟೈಲ್ ಲ್ಯಾಂಪು 5 ವಾಟಿನವು, ಒಂದು ಇಂಡಿಕೇಟರು 21 ವಾಟು ಅಂತ ಇಟ್ಟುಕೊಳ್ಳಿ. ಒಟ್ಟು 73 ವಾಟು, 12 ವೋಲ್ಟಿನಲ್ಲಿ ಸುಮಾರು 6 ಆಂಪಿಯರು. ಬೇರೆ ಪಿನ್ನುಗಳಲ್ಲಿ ಇದು ಹಂಚಿ ಹೋಗುತ್ತದೆ, ವಾಪಸ್ ಬರುವಾಗ ಎಲ್ಲವೂ 31ರ ಮೇಲೆಯೇ. ಅಲ್ಲಿ ಕಿಲುಬಿನಿಂದ ಅರ್ಧ ಓಮ್ ಪ್ರತಿರೋಧ ಬಂದರೂ ಮೂರು ವೋಲ್ಟಿನ ಹತ್ತಿರ ಅಲ್ಲೇ ಸುಟ್ಟು ಹೋಗುತ್ತದೆ. ಫಿಲಮೆಂಟ್ ಬಲ್ಬಿಗೆ 12ರ ಬದಲು 9 ವೋಲ್ಟ್ ಸಿಕ್ಕಿದರೆ ಬೆಳಕು ಅರ್ಧಕ್ಕಿಂತ ಕಡಿಮೆ. ಪಿನ್ನು ಪೂರ್ತಿ ಕೈಕೊಟ್ಟರೆ ಇನ್ನೂ ತಮಾಷೆ. ಕರೆಂಟು ವಾಪಸ್ ದಾರಿಗಾಗಿ ಬೇರೆ ಬಲ್ಬುಗಳ ಫಿಲಮೆಂಟಿನಲ್ಲಿ ನುಸುಳುತ್ತದೆ, ಎಲ್ಲವೂ ಕೆಂಡದ ಹಾಗೆ ಮಿಣುಕುತ್ತವೆ. ನಮ್ಮದು ಅದೇ ಆಗಿತ್ತು. ಸಂಜೆ ಗಾಡಿ ನಿಂತಿದ್ದಾಗ ಕೊಂಡಿಯ ಮೂಲಕ ಹೇಗೋ ಅರ್ಥ್ ಸಿಗುತ್ತಿತ್ತು, ದಾರಿಯಲ್ಲಿ ಕುಲುಕಿದಾಗ ಅದೂ ಹೋಯಿತು. ಹಾಗಾಗಿ ನಾನು ಪರೀಕ್ಷೆ ಮಾಡಿ ಸರಿ ಅಂದದ್ದಕ್ಕೆ ಬೆಲೆ ಇರಲಿಲ್ಲ.

ಬಾಷ್ ಅವರಿಗೆ ಇದು ಚೆನ್ನಾಗಿ ಅರ್ಥವಾಗಿತ್ತು ಅಂತ ನನಗನ್ನಿಸುತ್ತದೆ. ಸರಕು ಮಾರಿದಲ್ಲಿಗೆ ಕೆಲಸ ಮುಗಿಯಲಿಲ್ಲ ಅಂತ 1921ರಿಂದ ಊರೂರಿನಲ್ಲಿ ಬಾಷ್ ಸರ್ವಿಸ್ ಗ್ಯಾರೇಜುಗಳ ಜಾಲ ಕಟ್ಟಿಸಿದರು. ಲಾಭಕ್ಕಿಂತ ಗಿರಾಕಿಯ ನಂಬಿಕೆ ದೊಡ್ಡದು ಎಂಬ ನಿಲುವು ಅವರ ಬರಹಗಳಲ್ಲೂ ಉಂಟು. ಕಂಪನಿಗಳು ಈಗ ಇಂಥದ್ದನ್ನು ಗೋಡೆಗೆ ಅಂಟಿಸುತ್ತವೆ, ಆ ಮಾತು ಬೇರೆ. ಸೈಕಲ್ ಹತ್ತಿ ಹೋಗಿ ನೋಡಿ ಬಂದವರು ಹೇಳಿದಾಗ ಸ್ವಲ್ಪ ತೂಕ.

ಜೀವನ ಸುಖವಾಗಿಯೇ ಇತ್ತು ಅನ್ನಲಾಗದು. ಮೊದಲ ಮಹಾಯುದ್ಧದಲ್ಲಿ ಕಂಪನಿ ಶಸ್ತ್ರಾಸ್ತ್ರದ ಕೆಲಸದಿಂದ ದುಡ್ಡು ಮಾಡಿತು. ಆ ಲಾಭ ಅವರಿಗೆ ಮುಳ್ಳಾಗಿತ್ತು, ನೆಕ್ಕರ್ ನದಿಯ ಕಾಲುವೆಗೆ ಮತ್ತು ಸಾರ್ವಜನಿಕ ಕೆಲಸಗಳಿಗೆ ಲಕ್ಷಾಂತರ ಮಾರ್ಕು ಕೊಟ್ಟುಬಿಟ್ಟರು. ಅಮೆರಿಕದಲ್ಲಿದ್ದ ಕಂಪನಿಯ ಆಸ್ತಿಯನ್ನು ಶತ್ರುವಿನ ಆಸ್ತಿ ಅಂತ ಅಲ್ಲಿನ ಸರಕಾರ ಕಿತ್ತುಕೊಂಡಿತು. 1921ರಲ್ಲಿ ಒಬ್ಬನೇ ಮಗ ದೀರ್ಘ ಕಾಯಿಲೆಯಿಂದ ತೀರಿಕೊಂಡ. ಮೊದಲ ಮದುವೆ ಮುರಿದು ಬಿತ್ತು. 1927ರಲ್ಲಿ ಮತ್ತೆ ಮದುವೆಯಾಗಿ ಎರಡು ಮಕ್ಕಳಾದವು. ಬವೇರಿಯದಲ್ಲಿ ಜೌಗುಭೂಮಿ ಕೊಂಡು ದೊಡ್ಡ ಕೃಷಿ ಮಾಡಲು ಹೊರಟು ದುಡ್ಡು ಕಳೆದುಕೊಂಡದ್ದೂ ಉಂಟು. ತೋಟ ಇರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1927ರಲ್ಲಿ ಹೊರಬಂದ ಡೀಸೆಲ್ ಇಂಜೆಕ್ಷನ್ ಪಂಪು ಕಂಪನಿಯನ್ನು ಮತ್ತೆ ಎತ್ತಿತು. ಲಾರಿ, ಟ್ರಾಕ್ಟರು, ಬಸ್ಸುಗಳ ಯುಗ ಅದರ ಮೇಲೆ ನಿಂತಿದೆ.

1933ರ ನಂತರದ ಕತೆಯನ್ನು ಹೇಳುವಾಗ ಕಂಪನಿಯ ಅಭಿಮಾನಿಗಳು ಒಂದು ಭಾಗ ಹೇಳುತ್ತಾರೆ, ಟೀಕಾಕಾರರು ಇನ್ನೊಂದು ಭಾಗ. ಎರಡೂ ನಿಜ. ಬಾಷ್ ನಾಜಿಗಳನ್ನು ಇಷ್ಟಪಟ್ಟವರಲ್ಲ. ಫ್ರಾನ್ಸ್ ಜತೆ ರಾಜಿಯಾಗಬೇಕು, ಯೂರೋಪು ಒಂದಾಗಬೇಕು ಅಂತ ದುಡ್ಡು ಖರ್ಚು ಮಾಡಿದವರು. ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ 1937ರಲ್ಲಿ ಕಂಪನಿಯ ಸಲಹೆಗಾರನೆಂಬ ಹೆಸರಿನಲ್ಲಿ ಆಸರೆ ಕೊಟ್ಟರು. ಆ ವ್ಯಕ್ತಿಯನ್ನು ನಾಜಿಗಳು 1945ರಲ್ಲಿ ಗಲ್ಲಿಗೇರಿಸಿದರು. ಬಾಷ್ ಅವರ ಉತ್ತರಾಧಿಕಾರಿ ಹಾನ್ಸ್ ವಾಲ್ಜ್ ಯಹೂದಿಗಳನ್ನು ಉಳಿಸಲು ನೆರವಾದದ್ದಕ್ಕೆ ಮುಂದೆ ಇಸ್ರೇಲಿನ ಯಾದ್ ವಾಶೆಮ್ ಗೌರವ ಪಡೆದರು. ಆದರೆ ಅದೇ ಹೊತ್ತಿಗೆ ಅದೇ ಕಂಪನಿ ಹಿಟ್ಲರನ ಸೈನ್ಯದ ಟ್ರಕ್ಕಿಗೂ ವಿಮಾನಕ್ಕೂ ಬಿಡಿಭಾಗ ಮಾಡುತ್ತಿತ್ತು. ಯುದ್ಧಕಾಲದಲ್ಲಿ ಸಾವಿರಾರು ಜನರನ್ನು ಬಲವಂತದಿಂದ ದುಡಿಸಿಕೊಂಡಿತು. ಎಂಟು ಗಂಟೆಯ ದಿನ ತಂದವರ ಕಾರ್ಖಾನೆಯಲ್ಲೇ. ಇವೆರಡನ್ನು ಒಟ್ಟಿಗೆ ಓದಿದಾಗ ನನಗೆ ಅವರ ಮೇಲಿದ್ದ ಗೌರವ ಪೂರ್ತಿ ಹೋಗಲಿಲ್ಲ, ಮೊದಲಿನ ಹಾಗೆ ಉಳಿಯಲೂ ಇಲ್ಲ. 1942ರ ಮಾರ್ಚ್ 12ರಂದು ಕಿವಿಯ ಸೋಂಕು ಉಲ್ಬಣಿಸಿ 80ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಮೆಚ್ಚದ ಸರಕಾರವೇ ಸರಕಾರಿ ಗೌರವದಿಂದ ಅಂತ್ಯಕ್ರಿಯೆ ನಡೆಸಿತು. ಬೇಡ ಅನ್ನಲು ಅವರಿರಲಿಲ್ಲ.

ಸಂಪತ್ತು ಜನರ ಕೆಲಸಕ್ಕೆ ಹೋಗಬೇಕು ಎಂಬುದು ಅವರ ಉಯಿಲಿನ ಆಶಯ. 1964ರಲ್ಲಿ ಕಂಪನಿಯ ಬಹುಪಾಲು ಷೇರು ಒಂದು ಪ್ರತಿಷ್ಠಾನದ ಕೈಗೆ ಹೋಯಿತು. ಇವತ್ತಿಗೂ ಹಾಗೆಯೇ ಉಂಟು. ಅವರ ಕಾಲದಲ್ಲೇ, 1922ರಲ್ಲಿ, ಭಾರತದಲ್ಲಿ ಕಲ್ಕತ್ತೆಯ ಮೂಲಕ ಮಾರಾಟ ಶುರುವಾಗಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ನಮ್ಮ ಬಾಯಲ್ಲಿ ಮೈಕೋ, ಹುಟ್ಟಿತು. ಆಡುಗೋಡಿಯ ಆ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಹಾಕದ ಗ್ಯಾರೇಜು ಕರ್ನಾಟಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ. 2008ರಲ್ಲಿ ಮೈಕೋ ಹೆಸರು ಹೋಗಿ ಬಾಷ್ ಬಂತು. ಬೆಂಗಳೂರಿನ ಮೈಕೋ ಲೇಔಟ್ ಮಾತ್ರ ಹಾಗೆಯೇ ಉಳಿದಿದೆ.

ಈಗ ನಮ್ಮ ಜೀಪು. ಹೊಸ ಸಾಕೆಟ್ ತರಲು ಹೋದಾಗ ಅಂಗಡಿಯಲ್ಲಿ ಎರಡು ತರಹದ್ದು ಇಟ್ಟರು. ಒಂದು ಅಲ್ಯೂಮಿನಿಯಂ ಎರಕದ್ದು, ಕೈಗೆ ಗಟ್ಟಿ. ಇನ್ನೊಂದು ನೈಲಾನಿನದು, ನೋಡಲು ಆಟದ ಸಾಮಾನು. ಮಾವನ ಕೈ ಸಹಜವಾಗಿ ಲೋಹದ ಕಡೆ ಹೋಯಿತು. ನಾನು ಬೇಡ ಅಂದೆ. ಯಾಕೆಂದರೆ ನಮ್ಮ ಟ್ರೈಲರಿನಲ್ಲಿ ಹೋಗುವುದು ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟು. ಅದರ ನೀರು ಅಲ್ಯೂಮಿನಿಯಂ ಮೇಲೆ ಬಿದ್ದು ನಿಂತರೆ ತಾಮ್ರ ಅದರ ಮೇಲೆ ಕೂರುತ್ತದೆ, ಅಲ್ಯೂಮಿನಿಯಂ ತೂತು ತೂತಾಗಿ ಹೋಗುತ್ತದೆ. ಮೊದಲ ವರ್ಷದ ಕೆಮಿಸ್ಟ್ರಿ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಕಲ್ಲಿಗೆ ಬಡಿಯುವ ಜಾಗವಾದರೆ ಲೋಹದ್ದೇ ವಾಸಿ, ನಮ್ಮದು ಹಾಗಲ್ಲ.

ನಿಜವಾಗಿ ನೋಡಬೇಕಾದದ್ದು ಒಳಗೆ. ಪಿನ್ನು ಹಿತ್ತಾಳೆಯದ್ದಾ, ಅದರ ಮೇಲೆ ನಿಕಲ್ ಅಥವಾ ತವರದ ಲೇಪ ಉಂಟಾ, ಮುಚ್ಚಳದ ಸ್ಪ್ರಿಂಗು ಬಿಗಿ ಉಂಟಾ, ಹಿಂದೆ ರಬ್ಬರ್ ಗ್ಯಾಸ್ಕೆಟ್ ಉಂಟಾ. ಸೌತಡ್ಕದ ಗಣಪತಿಯ ಬಯಲಿನಲ್ಲಿ ಸಾವಿರಾರು ಗಂಟೆಗಳು ಮಳೆಯಲ್ಲೇ ತೂಗುತ್ತವೆ. ಅವೂ ಕಿಲುಬು ಹಿಡಿಯುತ್ತವೆ, ಆದರೆ ನಾದಕ್ಕೇನೂ ತೊಂದರೆ ಇಲ್ಲ. ಪಿನ್ನಿಗೆ ಹಾಗಲ್ಲ, ಅದರ ಕೆಲಸವೆಲ್ಲ ಮೇಲ್ಮೈಯಲ್ಲೇ. ಇನ್ನೊಂದು, ವೋಲ್ಟೇಜು. ಜೀಪಿನದ್ದು 12 ವೋಲ್ಟು, ಅದಕ್ಕೆ ಐಎಸ್‌ಒ 1724ರ ಸಾಕೆಟ್. ಲಾರಿಯ 24 ವೋಲ್ಟಿನದ್ದು ಐಎಸ್‌ಒ 1185, ಬೇರೆಯೇ. ಎರಡನ್ನೂ ಒಂದೇ ಅಂತ ಕೊಡುವ ಅಂಗಡಿಯವರೂ ಇರುತ್ತಾರೆ. ಪೊಟ್ಟಣದ ಮೇಲೆ ಐಪಿ 67 ಅಂತಿದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ನೀರು ಒಳಗೆ ಹೋಗಬಾರದು. ಆದರೆ ಅದು ಸಾಮಾನ್ಯವಾಗಿ ಪ್ಲಗ್ಗು ಚುಚ್ಚಿದಾಗಿನ ಅಥವಾ ಮುಚ್ಚಳ ಹಾಕಿದಾಗಿನ ಮಾತು. ಮುಚ್ಚಳ ಮುರಿದು ಹಗ್ಗ ಸುತ್ತಿದವರಿಗೆ ಅಲ್ಲ.

ನೈಲಾನಿನದ್ದೇ ತಂದೆವು. 31ಕ್ಕೆ ಉಳಿದವಕ್ಕಿಂತ ದಪ್ಪದ, 2.5 ಚದರ ಮಿಲಿಮೀಟರಿನ ವೈರು ಹಾಕಿದೆ. ವೈರಿನ ತುದಿಗಳನ್ನು ತಿರುಚಿ ಸ್ಕ್ರೂ ಕೆಳಗೆ ಸಿಕ್ಕಿಸದೆ ಫೆರೂಲು ಹಾಕಿ ಒತ್ತಿದೆ. ಕೇಬಲ್ಲನ್ನು ಜೀಪಿನ ಚಾಸಿಗೆ ಒಂದು ಕ್ಲ್ಯಾಂಪಿನಲ್ಲಿ ಬಿಗಿದೆ, ಎಳೆತ ಪಿನ್ನಿಗೆ ಬರದ ಹಾಗೆ. ಸೇರಿಂಗರ್ ನೆನಪಾದರು. ಸಾಕೆಟ್ಟಿನ ಬಾಯಿ ಸ್ವಲ್ಪ ಕೆಳಮುಖ. ಪಿನ್ನುಗಳಿಗೆ ತೆಳುವಾಗಿ ಸಿಲಿಕಾನ್ ಗ್ರೀಸು. ಹಳೇ ಕಿಲುಬಿನ ಸಾಕೆಟ್ಟನ್ನು ಬಿಸಾಡದೆ ಹಾಸ್ಟೆಲಿಗೆ ತಂದಿದ್ದೇನೆ.

ಕೊನೆಗೆ ಪರೀಕ್ಷೆ. ಈ ಸಲ ಕೊಂಡಿಯಿಂದ ಟ್ರೈಲರನ್ನು ಬಿಡಿಸಿ, ಒಂದಡಿ ದೂರ ಸರಿಸಿ, ಕೇಬಲ್ ಮಾತ್ರ ಚುಚ್ಚಿಟ್ಟು ನೋಡಿದೆವು. ಮಾವ ಒಳಗೆ ಕೂತು ಒಂದೊಂದಾಗಿ ಸ್ವಿಚ್ ಹಾಕಿದರು, ಬ್ರೇಕ್ ಒತ್ತಿದರು. ನಾನು ಕೊಡೆ ಹಿಡಿದು ಹಿಂದೆ ನಿಂತು ಎಡ, ಬಲ, ಬ್ರೇಕು ಅಂತ ಕೂಗುತ್ತಿದ್ದೆ. ಅಂಗಳದ ನೀರೆಲ್ಲ ಕೆಂಪಾಗಿ ಕಾಣುತ್ತಿತ್ತು.